ಪಂಚಮಿಗೆ ಕರೆದು ಸಹಿ ಕೇಳಬೇಡಿ

ಸಂಪಾದಕರಿಗೆ ನಮಸ್ಕಾರ.

ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಡುವ ಕಾನೂನು ಬಂದಮೇಲೆ ಅಣ್ಣ-ತಂಗಿಯರ ಪ್ರೀತಿಯೇ ಹಾಳಾಯಿತು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಹಿಂದೆಲ್ಲ ತವರಿಗೆ ಬಂದವಳು ಉಡಿ ತುಂಬಿಸಿಕೊಂಡು ನಗುತ್ತಾ ಹೋಗುತ್ತಿದ್ದಳು, ಈಗ ವಕೀಲರ ನೋಟಿಸು ಕಳಿಸುತ್ತಾಳೆ ಎಂಬುದು ಅವರ ಬೇಸರ. ಬರೆದ ಧಾಟಿ ನೋಡಿದರೆ ಅವರ ಮನೆಗೂ ಒಂದು ನೋಟಿಸು ಬಂದಿರಬೇಕು ಅನಿಸಿತು. ಇರಲಿ. ಅವರ ಸಂಕಟ ಸುಳ್ಳಲ್ಲ. ಅವರು ಕೊಟ್ಟ ಕಾರಣವನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾನು ಹಾವೇರಿ ಜಿಲ್ಲೆಯವನು. ಒಂದು ತಾಲ್ಲೂಕು ಊರಿನಲ್ಲಿ ಆಸ್ತಿಯ ಪತ್ರಗಳನ್ನು ಬರೆದುಕೊಡುವ, ಲೈಸೆನ್ಸ್ ಪಡೆದ ಪತ್ರ ಬರಹಗಾರನಾಗಿದ್ದೆ. ಕೈಬರಹದಲ್ಲಿ ಶುರುಮಾಡಿ, ಟೈಪ್‌ರೈಟರ್‌ಗೆ ಬಂದು, ಕಂಪ್ಯೂಟರಿನಲ್ಲಿ ಮುಗಿಸಿದವನು. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದು ಅರ್ಜಿ, ಶುಲ್ಕ ಎಲ್ಲ ಆನ್‌ಲೈನ್ ಆದಾಗ ಕುರ್ಚಿಯನ್ನು ಮಗನಿಗೆ ಬಿಟ್ಟು ಎದ್ದೆ. ಖರೀದಿ, ಭೋಗ್ಯ, ವಾಟ್ನಿ (ಆಸ್ತಿ ಪಾಲು ಮಾಡಿಕೊಳ್ಳುವ ಪತ್ರ), ಮೃತ್ಯುಪತ್ರ ಎಲ್ಲ ಬರೆದಿದ್ದೇನೆ. ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಹಕ್ಕು ಬಿಡುಗಡೆ ಪತ್ರಗಳು. ತವರಿನ ಆಸ್ತಿಯಲ್ಲಿ ತನಗೆ ಬರುವ ಪಾಲನ್ನು ಹೆಣ್ಣುಮಗಳು ಅಣ್ಣತಮ್ಮಂದಿರಿಗೆ ಬಿಟ್ಟು ಬರೆದುಕೊಡುವ ಪತ್ರ ಅದು. ಅಂಥ ಎಷ್ಟೋ ಪತ್ರಗಳ ಕೆಳಗೆ ನನ್ನ ಬಿಕ್ಕಲಂ, ಅಂದರೆ ಪತ್ರ ಬರೆದವನ ಸಹಿ, ಇದೆ. ಈ ಪ್ರೀತಿ ಎಲ್ಲಿ ಗಟ್ಟಿ ಇರುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಮೇಜಿನ ಈಚೆ ಕೂತು ನೋಡುವ ಅವಕಾಶ ನನ್ನಂಥವರಿಗೆ ಸಿಕ್ಕಷ್ಟು ಬೇರೆಯವರಿಗೆ ಸಿಗುವುದಿಲ್ಲ.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮಳೆ ಹಿಡಿದಿರುತ್ತದೆ, ಹೊಲದಲ್ಲಿ ಪೀಕು ಮೊಳಕಾಲುದ್ದ ಬಂದಿರುತ್ತದೆ. ಅಣ್ಣನೋ ತಮ್ಮನೋ ಬೈಕ್ ತೆಗೆದುಕೊಂಡು ತಂಗಿಯ ಊರಿಗೆ ಹೋಗಿ ಕರೆದುಕೊಂಡು ಬರಬೇಕು. ಫೋನಿನಲ್ಲಿ ಬಾ ಎಂದರೆ ಅದು ಕರೆದಂತಲ್ಲ. ರೊಟ್ಟಿ ಪಂಚಮಿ ದಿನ ಎಳ್ಳು ಹಚ್ಚಿದ ರೊಟ್ಟಿ, ನಾಲ್ಕಾರು ಬಗೆಯ ಪಲ್ಲೆ. ಆಮೇಲೆ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಬೇವಿನ ಮರಕ್ಕೆ ಜೋಕಾಲಿ ಕಟ್ಟುವುದು ಅಣ್ಣನ ಕೆಲಸ, ಹಗ್ಗ ಜಗ್ಗಿ ಗಟ್ಟಿ ಇದೆಯೇ ಎಂದು ನೋಡುವುದೂ ಅವನದೇ. ಹಬ್ಬ ಮುಗಿಸಿ ಹೊರಡುವಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಇಟ್ಟು ಉಡಿ ತುಂಬುತ್ತಾರೆ. ಮೈಸೂರು ಸೀಮೆಯಲ್ಲಿ ಇದೇ ಅಕ್ಕರೆ ಗೌರಿ ಹಬ್ಬದ ಬಾಗಿನವಾಗಿ ಹೋಗುತ್ತದೆ. ಪಂಚಮಿಯ ದಿನ ಅಣ್ಣನ ಬೆನ್ನಿಗೆ ಹಾಲೆರೆಯುವ ಊರುಗಳೂ ಇವೆ. ನಮ್ಮ ಮಂದಿ ಬಾಯಿಬಿಟ್ಟು ನಿನ್ನ ಮೇಲೆ ಪ್ರೀತಿ ಇದೆ ಅಂತ ಹೇಳುವವರಲ್ಲ. ಹೇಳುವುದೆಲ್ಲ ಉಂಡಿ ಡಬ್ಬಿಯಲ್ಲಿ ಹೋಗುತ್ತದೆ.

ಈಗ ಆ ಓದುಗರಿಗೆ ಗೊತ್ತಿರಲಾರದ ಒಂದು ವಿಷಯ ಹೇಳುತ್ತೇನೆ. ನಮ್ಮ ಕಡೆ ಹಕ್ಕು ಬಿಡುಗಡೆ ಪತ್ರಗಳು ಜಾಸ್ತಿ ಆಗುವುದು ಪಂಚಮಿ ಮುಗಿದ ವಾರದಲ್ಲಿ. ಹೇಗೂ ತಂಗಿ ಬಂದಿದ್ದಾಳೆ, ಹೊಸ ಸೀರೆ ಕೊಡಿಸಿದ್ದಾಗಿದೆ, ಬಸ್ಸು ಹತ್ತಿಸುವ ದಾರಿಯಲ್ಲೇ ಉಪನೋಂದಣಿ ಕಚೇರಿ ಇದೆ. ಅಣ್ಣಂದಿರಿಗೆ ಇದಕ್ಕಿಂತ ಅನುಕೂಲ ಯಾವಾಗ ಸಿಗುತ್ತದೆ?

ಅಂಥ ಒಂದು ಮಧ್ಯಾಹ್ನ ಅಣ್ಣ-ತಂಗಿ ಬಂದರು. ಅವಳಿಗೆ ಐವತ್ತರ ಮೇಲಿರಬಹುದು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಕಾಲ ಬಳಿ ಉಂಡಿ ಡಬ್ಬಿಯ ಚೀಲ. ಅಣ್ಣ ಮೊದಲೇ ವಿವರ ಕೊಟ್ಟು ಪತ್ರ ತಯಾರು ಮಾಡಿಸಿದ್ದ. ನಾನು ರೂಢಿಯಂತೆ ಅವಳನ್ನು ಕೇಳಿದೆ: 'ಯವ್ವಾ, ಇದು ಏನಂತ ಗೊತ್ತೈತಲ್ಲ?' ಅವಳು ಸಲೀಸಾಗಿ ಹೇಳಿದಳು: 'ಅಣ್ಣಗ ಸೊಸಾಯಿಟಿ ಸಾಲ ಬೇಕಂತ್ರೀ. ಅದಕ್ಕ ನನ್ನ ಸಹಿ ಬೇಕಂತ.' ಅಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದ. ನಾನು ಓದಿ ಹೇಳುತ್ತೇನೆ ಎಂದೆ. ಅಣ್ಣ ಬಸ್ಸಿಗೆ ಹೊತ್ತಾಯಿತು ಎಂದ. ಓದದೆ ನಾನು ಬಿಕ್ಕಲಂ ಹಾಕುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಸುಮ್ಮನಾದ.

ಸರ್ವೆ ನಂಬರು, ಎಕರೆ, ಗುಂಟೆ ಓದುವಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ. ಎಲ್ಲರಿಗೂ ಹಾಗೇ, ನಂಬರು ಕಿವಿಗೆ ಬೀಳುತ್ತದೆ ಅಷ್ಟೆ. ಹೊಲದ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಗೆ ಬಂದೆ. ಪಶ್ಚಿಮಕ್ಕೆ ಸರ್ಕಾರಿ ದಾರಿ ಎಂದು ಓದಿದ ತಕ್ಷಣ ಅವಳು ಕೈ ಅಡ್ಡ ಮಾಡಿದಳು. 'ದಾರಿ ಪಡುವಣಕ್ಕ ಇಲ್ರೀ. ಮೂಡಣಕ್ಕ ಐತಿ. ಮುಂಜಾನೆ ಬುತ್ತಿ ತಗೊಂಡು ದಾರಿ ಬಿಟ್ಟು ಹೊಲಕ್ಕ ಹೊಳ್ಳಿದ್ರ ಬಿಸಿಲು ಬೆನ್ನಿಗೆ ಬೀಳ್ತಿತ್ತು.' ಅಣ್ಣ ಕೊಟ್ಟ ಚೀಟಿ ತೆಗೆದೆ. ಅದರಲ್ಲಿ ದಾರಿ ಪಶ್ಚಿಮಕ್ಕೇ ಇತ್ತು. ಅವನ ಹತ್ತಿರವಿದ್ದ ಹಳೆಯ ವಾಟ್ನಿ ಪತ್ರದ ನಕಲು ಇಸಕೊಂಡು ನೋಡಿದೆ. ಅವಳು ಹೇಳಿದ್ದೇ ಸರಿ. ದಿನಾ ಆ ಹೊಲಕ್ಕೆ ಹೋಗುವವನು ದಿಕ್ಕು ತಪ್ಪಿ ಬರೆಸಿದ್ದ. ಗಂಡನ ಮನೆ ಸೇರಿ ಎಷ್ಟೋ ವರ್ಷವಾದವಳು ಬೆನ್ನ ಮೇಲಿನ ಬಿಸಿಲು ನೆನೆದು ತಿದ್ದಿದಳು. ಅಲ್ಲಿಂದ ಮುಂದೆ ಅವಳು ಪ್ರತಿ ಅಕ್ಷರ ಕೇಳಿಸಿಕೊಂಡಳು. ಹಳ್ಳದ ದಂಡೆಯ ಮಾವಿನ ಗಿಡ ಪತ್ರದಲ್ಲಿ ಬಂದಿದೆಯೇ ಎಂದೂ ಕೇಳಿದಳು. ಅದು ಅವರಪ್ಪ ಅವಳ ಕೈಯಿಂದ ನೆಡಿಸಿದ್ದಂತೆ.

ಓದಿ ಮುಗಿಸಿದಾಗ ಅವಳಿಗೆ ಎಲ್ಲ ತಿಳಿದಿತ್ತು. 'ಹಂಗಾರ ಇನ್ನ ಈ ಹೊಲ ನಂದಲ್ಲ ಅಂದಂಗಾತು' ಎಂದಳು. ಅಣ್ಣ 'ನಿಂದ ಐತಿ ತಗೋ, ಇದು ಕಾಗದಕ್ಕಷ್ಟ' ಎಂದ. ಅವಳು ನನ್ನ ಕಡೆ ನೋಡಿದಳು. ಬೇಡ ಅನಿಸಿದರೆ ಸಹಿ ಹಾಕಬೇಕಾಗಿಲ್ಲವ್ವ, ಯಾರೂ ಒತ್ತಾಯ ಮಾಡುವಂತಿಲ್ಲ ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಕೂತಳು. ಆಮೇಲೆ ಅಣ್ಣನಿಗೆ ಹೇಳಿದ ಮಾತು ಇದು: 'ಸಾಲ ಅಂತ ಯಾಕ ಹೇಳಿದಿ? ಕೇಳಿದ್ರ ಕೊಡ್ತಿದ್ನಿಲ್ಲ?'

ಸಹಿ ಹಾಕಿದಳು. ಒಳಗೆ ಸಾಹೇಬರ ಮುಂದೆ ಹೆಬ್ಬೆರಳು ಯಂತ್ರದ ಮೇಲೆ ಇಟ್ಟರೆ ಅದು ಓದಲೇ ಇಲ್ಲ. ಕಳೆ ಕಿತ್ತು, ಪಾತ್ರೆ ತಿಕ್ಕಿ ಗೆರೆಗಳೆಲ್ಲ ಸವೆದಿದ್ದವು. ಒರೆಸಿ, ಒದ್ದೆ ಮಾಡಿ, ಮತ್ತೆ ಒತ್ತಿ, ಹೇಗೋ ಆಯಿತು. ಅವಳ ಪಾಲು ಆ ದಿನ ಅಣ್ಣನದಾಯಿತು. ಮರುವರ್ಷ ಅವಳು ಪಂಚಮಿಗೆ ಬಂದಿರಲಿಲ್ಲ. ಅಣ್ಣನೇ ಸಂತೆಯಲ್ಲಿ ಸಿಕ್ಕಾಗ ಹೇಳಿದ, ಕರೆಯಲು ಹೋಗಿದ್ದನಂತೆ, ಮೊಣಕಾಲು ನೋವು ಎಂದಳಂತೆ.

ಇಲ್ಲಿ ಕೆಟ್ಟದ್ದು ಯಾವುದರಿಂದ? ಯಾವ ಕಾಯ್ದೆಯೂ ಆ ಅಣ್ಣನಿಗೆ ಸಾಲದ ಕಾಗದ ಅಂತ ಹೇಳು ಎಂದು ಕಲಿಸಿರಲಿಲ್ಲ. ಹೊಲ ಹೋದದ್ದಕ್ಕೆ ಆ ಹೆಣ್ಣುಮಗಳು ನೊಂದಿದ್ದರೆ ಸಹಿಯನ್ನೇ ಹಾಕುತ್ತಿರಲಿಲ್ಲ. ಕೇಳಿ ಇಸಕೊಳ್ಳುವಷ್ಟು ತನ್ನನ್ನು ನಂಬಲಿಲ್ಲವಲ್ಲ ಎಂಬುದೇ ಅವಳಿಗೆ ಚುಚ್ಚಿದ್ದು.

ಕಾನೂನಿನ ವಿಷಯಕ್ಕೆ ಬರೋಣ. ಎಲ್ಲವೂ 2005ರ ಸಮಪಾಲಿನ ಕಾನೂನಿನಿಂದಲೇ ಕೆಟ್ಟಿತು ಎಂಬಂತೆ ಮಾತಾಡುವವರಿಗೆ ಹಿಂದಿನ ಲೆಕ್ಕ ಮರೆತುಹೋಗಿದೆ. ಹಳೇ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. ನಮ್ಮದು ಆಗ ಮುಂಬೈ ಪ್ರಾಂತ್ಯ, ನಮಗೆ ಅದು ತಾಕಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಲೇ ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯಲ್ಲಿ, ಅವನು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಮಗನಷ್ಟೇ ಪಾಲು ಮಗಳಿಗೂ ಇತ್ತು. ತೊಡಕು ಇದ್ದದ್ದು ಪಿತ್ರಾರ್ಜಿತದಲ್ಲಿ. ಅಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಮಗಳಿಗೆ ಇಲ್ಲ. ಆಂಧ್ರ, ತಮಿಳುನಾಡು ಇದನ್ನು ಮೊದಲೇ ತಿದ್ದಿದವು. ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಅದರಲ್ಲೂ ಒಂದು ಕೊಂಕಿತ್ತು. ಅಷ್ಟರೊಳಗೆ ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸುತ್ತಿರಲಿಲ್ಲ.

ನನ್ನ ಮನೆಯಲ್ಲೇ ಹಾಗಾಯಿತು. ಅಕ್ಕನ ಮದುವೆ 1994ಕ್ಕೆ ಎಷ್ಟೋ ಮೊದಲೇ ಆಗಿತ್ತು. ತಂಗಿ ಆಗ ಓದುತ್ತಿದ್ದಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳಿಗೆ ಪಾಲು, ಇನ್ನೊಬ್ಬಳಿಗೆ ಬರೀ ಅರಿಶಿನ ಕುಂಕುಮ. ಅಕ್ಕ ಇದನ್ನು ಕೇಳಿ ನಕ್ಕಿದ್ದಳು, ನಾನು ಲಗ್ನಕ್ಕೆ ಅವಸರ ಮಾಡಿದೆ ಅಂತ. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಜಾರಿಯಾಗಿ ಈ ಮದುವೆಯ ಭೇದ ಹೋಯಿತು. ಆ ದಿನ ಅಪ್ಪ ಬದುಕಿರಬೇಕೇ ಬೇಡವೇ ಎಂಬ ಗೊಂದಲ ಮುಂದೆ ಬಹಳ ವರ್ಷ ಕಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೂ ಬಗೆಹರಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಆ ದಿನ ಇದ್ದರೂ ಇಲ್ಲದಿದ್ದರೂ ಅಷ್ಟೆ. ಹಾಗೆಂದು ಹಳೆಯದನ್ನೆಲ್ಲ ಕೆದಕಲು ಬರುವುದಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಾಟ್ನಿ ಹಾಗೇ ನಿಲ್ಲುತ್ತದೆ.

ಆಸ್ತಿ ಕೊಟ್ಟರೆ ಪ್ರೀತಿ ಹೋಗುತ್ತದೆ ಎನ್ನುವುದಾದರೆ ತುಳುನಾಡಿನ ಅಳಿಯಸಂತಾನದ ಮನೆಗಳ ಬಗ್ಗೆ ಏನು ಹೇಳೋಣ? ಅಲ್ಲಿ ಆಸ್ತಿ ತಲೆಮಾರುಗಟ್ಟಲೆ ಹೆಣ್ಣಿನ ಕಡೆಯಿಂದಲೇ ಹರಿದು ಬಂತು. ಅಣ್ಣ ದುಡಿದದ್ದು ತಂಗಿಯ ಮಕ್ಕಳಿಗೆ. ಅವರಲ್ಲಿ ಒಡಹುಟ್ಟಿದವರ ಅಕ್ಕರೆ ಇರಲಿಲ್ಲವೇ?

ನನ್ನ ಅಕ್ಕನ ವಿಷಯ ಬಂತಲ್ಲ, ಅದನ್ನೇ ಹೇಳಿಬಿಡುತ್ತೇನೆ. 2003ರಲ್ಲಿ ಸಾಲು ಸಾಲು ಬರಗಾಲ. ಬ್ಯಾಡಗಿ ಮೆಣಸಿನಕಾಯಿ ಗಿಡ ಹೂ ಹಿಡಿಯುವ ಹೊತ್ತಿಗೆ ಒಣಗುತ್ತಿದ್ದವು. ಅಪ್ಪನಿಗೆ ಬೋರ್ ಕೊರೆಸುವ ಹಟ. ನನ್ನ ಕೈಯಲ್ಲಿ ದುಡ್ಡಿಲ್ಲ. ಅಕ್ಕ ಬಂದವಳು ಕೊರಳಿನ ಬೋರಮಾಳ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ನನ್ನ ಅಂಗಿಯ ಕಿಸೆಗೆ ಹಾಕಿದಳು. ಅಡವಿಟ್ಟು ಕೊರೆಸಿದೆವು. ರಾತ್ರಿಯಿಡೀ ಗಾಡಿ ಗುಡುಗುಡು ಅಂದು ಬೆಳಗಿನ ಜಾವ ಬಿಳಿ ಧೂಳು ಬಿಟ್ಟು ಬೇರೇನೂ ಬರಲಿಲ್ಲ. ಬೋರಮಾಳ ಬಿಡಿಸಿಕೊಡಲು ನಮಗೆ ವರ್ಷಗಳೇ ಹಿಡಿದವು. ಅಷ್ಟು ದಿನ ಅವಳು ಮದುವೆ ಮುಂಜಿಗೆ ಹೋಗುವಾಗ ಏನು ನೆಪ ಹೇಳಿದಳೋ, ಗಂಡನ ಮನೆಯಲ್ಲಿ ಏನು ಕೇಳಿಸಿಕೊಂಡಳೋ, ಇವತ್ತಿಗೂ ಬಾಯಿಬಿಟ್ಟಿಲ್ಲ. ಆ ಹೊತ್ತಿಗೆ ಕಾಯ್ದೆಯ ಪ್ರಕಾರ ಅವಳಿಗೆ ಆ ಹೊಲದಲ್ಲಿ ಪಾಲೂ ಇರಲಿಲ್ಲ ನೋಡಿ. ತನ್ನದಲ್ಲದ ಹೊಲಕ್ಕೆ ನೀರು ಬರಲಿ ಅಂತ ತನ್ನ ಬಂಗಾರ ಕೊಟ್ಟಳು.

ಅಪ್ಪ ತೀರಿಕೊಂಡದ್ದು 2011ರಲ್ಲಿ. ಅವನ ಹೊಲವನ್ನು ವಾರಸುದಾರರ ಹೆಸರಿಗೆ ಏರಿಸುವ ಪೌತಿ ಖಾತೆ ಮಾಡಿಸುವಾಗ ಊರಿನವರು, ಕಚೇರಿಯವರು, ನನ್ನ ವೃತ್ತಿಯ ಗೆಳೆಯರೂ ಹೇಳಿದ್ದು ಒಂದೇ: ನೀನೇ ಪತ್ರ ಬರೆಯುವವನು, ಇಬ್ಬರ ಹತ್ತಿರ ಒಂದು ಬಿಡುಗಡೆ ಬರೆಸಿಕೊಂಡರೆ ಮುಗಿಯಿತಲ್ಲ? ನಾನು ಅವ್ವ, ಅಕ್ಕ, ತಂಗಿ, ನಾನು ಎಂದು ನಾಲ್ಕೂ ಹೆಸರು ಕೊಟ್ಟೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಕಾನೂನೇ ಹಾಗಿದೆ. ಅಕ್ಕ ಹೇಳಿದ್ದು: 'ಪೀಕು ನೀನೇ ತಿನ್ನು, ಪಹಣಿಯೊಳಗ ನನ್ನ ಹೆಸರಿರ್ಲಿ.' ಈಗಲೂ ಪಹಣಿಯಲ್ಲಿ ಒಡೆಯರ ಹೆಸರು ಬರುವ 9ನೇ ಕಾಲಂನಲ್ಲಿ ಅವಳ ಹೆಸರಿದೆ. ನೆಮ್ಮದಿಯಾಗಿ ನಡೆಯುತ್ತಿದೆ ಎಂದು ಸುಳ್ಳು ಹೇಳುವುದಿಲ್ಲ. ಜಂಟಿ ಖಾತೆಯ ತಾಪತ್ರಯ ಅನುಭವಿಸಿದವನಿಗೇ ಗೊತ್ತು. ಬೆಳೆಸಾಲಕ್ಕೆ ಎಲ್ಲರ ಸಹಿ ಬೇಕು, ಆಧಾರ್ ಬೇಕು, ಫೋಟೋ ಬೇಕು. ತಂಗಿ ಪುಣೆಯಲ್ಲಿದ್ದಾಳೆ. ಒಂದು ವರ್ಷ ಅವಳ ಮಗನ ಪರೀಕ್ಷೆ ಅಂತ ಬರಲಾಗಲಿಲ್ಲ, ಸಾಲ ತಡವಾಯಿತು, ಬಿತ್ತನೆ ಬೀಜಕ್ಕೆ ಕೈಸಾಲ ಮಾಡಿದೆ. ಇನ್ನೊಂದು ವರ್ಷ ಮೆಣಸಿನಕಾಯಿಗೆ ಒಳ್ಳೆ ರೇಟು ಬಂತು. ನನ್ನ ಲೆಕ್ಕ ಎಲ್ಲಿ ಎಂದು ತಂಗಿ ಕೇಳಿದಳು, ಗೊಬ್ಬರದ ಲೆಕ್ಕ ನೀನು ಕೇಳಿದ್ದಿಯಾ ಎಂದು ನಾನು ಕೇಳಿದೆ. ಒಂದು ಸುಗ್ಗಿ ಇಬ್ಬರೂ ಮಾತಾಡಲಿಲ್ಲ. ಅಕ್ಕ ನಡುವೆ ಬಂದು, ಕಾಗದ ಪೆನ್ನು ಹಿಡಿದು, ಕೂಲಿ, ಬೀಜ, ಔಷಧಿ ಎಲ್ಲ ಕಳೆದು ತಂಗಿಯ ಪಾಲು ಲೆಕ್ಕ ಹಾಕಿ ಕೊಡಿಸಿದಳು. ತನ್ನ ಪಾಲಿನ ಮಾತೇ ಎತ್ತಲಿಲ್ಲ.

ಆದರೆ ಒಂದಂತೂ ಆಗಿದೆ. ಸಾಲದ ಸಹಿಗೆ ಅಂತ ಬಂದ ಅಕ್ಕ ಸಹಿ ಹಾಕಿ ಅದೇ ಬಸ್ಸಿಗೆ ಹೋಗುವುದಿಲ್ಲ. ನಾಲ್ಕು ದಿನ ಇರುತ್ತಾಳೆ. ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಂತು, ಇದ್ಯಾಕೆ ಇಲ್ಲಿ ಕಳೆ ಬಿಟ್ಟಿದ್ದಿ ಎಂದು ನನ್ನ ಮಗನಿಗೆ ಬಯ್ಯುತ್ತಾಳೆ. ಅತಿಥಿಯಾಗಿ ಬಂದವಳು ಹಾಗೆ ಬಯ್ಯಲು ಆಗುತ್ತದಾ?

ಅಣ್ಣತಮ್ಮಂದಿರ ಕಡೆಯ ಮಾತನ್ನೂ ಹೇಳದಿದ್ದರೆ ನ್ಯಾಯವಲ್ಲ. ಮೂರು ಎಕರೆ ಒಣಬೇಸಾಯದ ಹೊಲ, ಇಬ್ಬರು ಗಂಡು, ಮೂವರು ಹೆಣ್ಣು. ಹರಿದು ಹಂಚಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ತಂಗಿಯರ ಮದುವೆಗೆ ಮಾಡಿದ ಸಾಲ ತೀರಿಸಿದವನು ಅವನೇ. ಅಪ್ಪನ ಹಾಸಿಗೆ ತೊಳೆದವನು, ಅವ್ವನ ಸಕ್ಕರೆ ಕಾಯಿಲೆಯ ಗುಳಿಗೆ ತಂದವನು ಅವನೇ ಆಗಿರಬಹುದು. ಅಂಥವನಿಗೆ ನೋಟಿಸು ಬಂದರೆ ಎದೆ ಒಡೆದಂತಾಗುವುದು ಸಹಜ. ಕೆಲವು ಕಡೆ ತಂಗಿಗಿಂತ ಅವಳ ಗಂಡನಿಗೆ ಅವಸರ ಜಾಸ್ತಿ ಇರುತ್ತದೆ. ತುಂಗಾ ಮೇಲ್ದಂಡೆ ಕಾಲುವೆ ಬಂದು, ರಸ್ತೆ ಅಗಲವಾಗಿ, ಪರಿಹಾರದ ಚೆಕ್ಕಿನ ಸುದ್ದಿ ಹಬ್ಬಿದ ಮೇಲೆ ಎಂದೂ ಬಾರದ ಅಳಿಯಂದಿರು ಪಹಣಿ ಹಿಡಿದುಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ.

ಮದುವೆಗೆ ಕೊಟ್ಟದ್ದೇ ಅವಳ ಪಾಲು ಎನ್ನುವ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ವರದಕ್ಷಿಣೆ 1961ರಿಂದಲೇ ಅಪರಾಧ. ಅದು ಬಿಟ್ಟರೂ, ಆ ದುಡ್ಡು ಹೋದದ್ದು ಬೀಗರ ಕೈಗೆ. ಅವಳ ಹೆಸರಿನಲ್ಲಿ ಒಂದು ಗುಂಟೆಯೂ ಬರಲಿಲ್ಲ. ಇನ್ನು ಜಗಳಕ್ಕೆಲ್ಲ ಅತ್ತಿಗೆಯೇ ಕಾರಣ ಎಂದು ದೂರುವವರಿಗೆ ನನ್ನದೊಂದು ಪ್ರಶ್ನೆ. ಆ ಅತ್ತಿಗೆಯೂ ಒಬ್ಬ ಅಣ್ಣನ ತಂಗಿ ಅಲ್ವಾ? ಅವಳೂ ತನ್ನ ತವರಿನಲ್ಲಿ ಸಹಿ ಹಾಕಿ ಬಂದಿರುತ್ತಾಳೆ. ಅಲ್ಲಿ ಕಳೆದುಕೊಂಡವಳಿಗೆ ಇಲ್ಲಿ ಉದಾರಿಯಾಗಿರು ಎಂದು ಉಪದೇಶ ಮಾಡುವುದು ಸುಲಭ.

ಸಹಿಗೆ ಕರೆತರುವ ಅಣ್ಣಂದಿರ ಬಗ್ಗೆ ಇಷ್ಟು ಹೇಳಿದೆ. ಅವರಿಗಿಂತ ಕೆಟ್ಟವರು ಇನ್ನೊಂದು ಗುಂಪಿನವರು. ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ತಂಗಿಯ ಹೆಸರನ್ನೇ ಬಿಟ್ಟುಬಿಡುತ್ತಾರೆ. ಅಫಿಡವಿಟ್ ಮಾಡಿ, ಪಂಚರ ಸಹಿ ಹಾಕಿಸಿ, ಇದ್ದ ಹೆಣ್ಣುಮಕ್ಕಳನ್ನು ಇಲ್ಲವೆನ್ನುತ್ತಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಅವರಿಗೆ ಆಧಾರ. ಸಹಿಗೆ ಕರೆತಂದವನು ತನಗೊಬ್ಬ ತಂಗಿ ಇದ್ದಾಳೆ ಎಂದಾದರೂ ಒಪ್ಪಿಕೊಂಡಿದ್ದಾನೆ. ಇವರು ಉಡಿ ತುಂಬಿ ಕಳಿಸಿ, ಮರುದಿನ ಹುಟ್ಟೇ ಇಲ್ಲ ಎಂದು ಬರೆದುಕೊಡುತ್ತಾರೆ. ಎಷ್ಟೋ ವರ್ಷಗಳ ಮೇಲೆ ಆ ಕಾಗದ ತಂಗಿಯ ಕೈಗೆ ಸಿಕ್ಕಾಗ ಅವಳು ಕೇಸು ಹಾಕಿದರೆ ಅದನ್ನು ದುಡ್ಡಿನಾಸೆ ಅನ್ನುತ್ತಾರೆ. ಅಪ್ಪ-ಅವ್ವನ ಹೆಸರಿನ ಕೆಳಗೆ ತನ್ನ ಹೆಸರಿಲ್ಲದ ಕಾಗದ ನೋಡಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಕೇಸು ಹಾಕಿದವರೆಲ್ಲ ವೈರಿಗಳಾಗುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ನಮ್ಮ ಕೋರ್ಟಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಕಟ್ಟೆ ಇದೆ. ವಾಟ್ನಿ ದಾವೆಯ ಒಬ್ಬ ತಮ್ಮ, ಅಕ್ಕ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಟಿಕೆಟು ಬೇರೆ ಬೇರೆ. ಒಳಗೆ ಹೆಸರು ಕೂಗಿದಾಗ ಆ ಕಡೆ ಈ ಕಡೆ ನಿಲ್ಲುವರು. ತಾರೀಖು ಬಿದ್ದಮೇಲೆ ಹೊರಗೆ ಬಂದು ಕಟ್ಟೆಯ ಮೇಲೆ ಅಕ್ಕ ಬುತ್ತಿ ಬಿಚ್ಚುವಳು. ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ತಮ್ಮ ಮುಖ ಆ ಕಡೆ ತಿರುಗಿಸಿಕೊಂಡೇ ಉಣ್ಣುವನು. ಅವನ ವಕೀಲರಿಗೆ ಇದು ಸಿಟ್ಟು, ಹೀಗಾದರೆ ಕೇಸು ನಿಲ್ಲುವುದಿಲ್ಲ ಎಂದು ಗೊಣಗುತ್ತಿದ್ದರು. ಕಡೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಕ್ಕನಿಗೆ ಊರ ಬದಿಯ ಒಂದು ತುಂಡು, ಉಳಿದದ್ದು ತಮ್ಮನಿಗೆ. ರಾಜಿಯ ದಿನವೂ ಇಬ್ಬರೂ ಜಗಳಾಡಿದರು, ಬುತ್ತಿಗೆ ಉಪ್ಪು ಜಾಸ್ತಿ ಆಗಿದೆ ಅಂತ.

ಅಣ್ಣತಮ್ಮಂದಿರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹಬ್ಬಕ್ಕೆ ಕರೆದಾಗ ಹಬ್ಬ ಮಾಡಿ. ಸಹಿ ಬೇಕಿದ್ದರೆ ಬೇರೆ ದಿನ ಅವಳ ಮನೆಗೆ ಹೋಗಿ, ಅವಳ ಗಂಡ ಮಕ್ಕಳ ಎದುರೇ ಕೂತು, ಇಂಥ ಹೊಲ, ಇಷ್ಟು ಎಕರೆ, ಇಂದಿನ ರೇಟು ಇಷ್ಟು, ನಿನ್ನ ಪಾಲು ಇಷ್ಟಾಗುತ್ತದೆ, ನನಗೆ ಬಿಟ್ಟುಕೊಡುತ್ತೀಯಾ ಎಂದು ಕೇಳಿ. ಪತ್ರದ ಪ್ರತಿಯನ್ನು ವಾರ ಮೊದಲೇ ಕೊಟ್ಟು ಬನ್ನಿ, ಯಾರ ಹತ್ತಿರವಾದರೂ ಓದಿಸಿಕೊಳ್ಳಲಿ. ಬಿಡುಗಡೆಗೆ ಪ್ರತಿಯಾಗಿ ಹಣ ಕೊಡುವುದಿದ್ದರೆ ಅದನ್ನು ಪತ್ರದಲ್ಲೇ ಬರೆಸಿ, ಚೆಕ್ಕಿನಲ್ಲಿ ಕೊಡಿ. ಸೀರೆಯನ್ನೂ ಅದನ್ನೂ ಕಲಸಬೇಡಿ. ಬಿಡುವುದಿಲ್ಲ ಎಂದಳೋ, ಮುಂದಿನ ವರ್ಷ ಕರೆಯಲು ಹೋಗುವುದನ್ನು ನಿಲ್ಲಿಸಬೇಡಿ. ನನಗೆ ಗೊತ್ತಿರುವ ಬಹಳ ಹೆಣ್ಣುಮಕ್ಕಳು ಕೇಳಿದರೆ ಬಿಟ್ಟುಕೊಡುತ್ತಾರೆ, ಅದು ನನ್ನ ಕಸುಬಿನ ಅನುಭವ. ಬಿಟ್ಟುಕೊಡಲೇಬೇಕು ಅಂತ ನಾನು ಹೇಳುತ್ತಿಲ್ಲ. ಬೇಕು ಎನ್ನುವವಳಿಗೂ ಅಷ್ಟೇ ಮರ್ಯಾದೆ ಸಿಗಲಿ.

ನನ್ನ ಕಸುಬಿನವರಿಗೂ ಒಂದು ಮಾತು. ಈಗಿನ ಹುಡುಗರು ಮಾದರಿ ಪ್ರತಿಯಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆಯುತ್ತಾರೆ, ಓದುವ ಪುರುಸೊತ್ತು ಇಲ್ಲ. ಏನು ಬಿಟ್ಟರೂ ಚಕ್ಕುಬಂದಿ ಗಟ್ಟಿಯಾಗಿ ಓದಿ. ಬರೆದುಕೊಡುವವಳಿಗೆ ಹೊಲ ಕಣ್ಮುಂದೆ ಬರುವುದು ಅಲ್ಲಿಯೇ.

ಸಂಪಾದಕರೇ, ಪಂಚಮಿ ಪುರವಣಿಯಲ್ಲಿ ನೀವು ಉಂಡಿ ಮಾಡುವ ವಿಧಾನ, ಜೋಕಾಲಿಯ ಫೋಟೋ ಹಾಕುತ್ತೀರಿ. ಚೆನ್ನಾಗಿರುತ್ತದೆ, ನಮ್ಮ ಮನೆಯಲ್ಲಿ ಕತ್ತರಿಸಿ ಇಡುತ್ತಾರೆ. ಅದರ ಪಕ್ಕದಲ್ಲಿ ಒಂದು ಸಣ್ಣ ಚೌಕದಲ್ಲಿ, ತವರಿನಲ್ಲಿ ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ ಏನೇನು ಕೇಳಿ ತಿಳಿದುಕೊಳ್ಳಬೇಕು, ಪಹಣಿಯನ್ನು ಮೊಬೈಲಿನಲ್ಲಿ ಹೇಗೆ ನೋಡುವುದು ಎಂದು ಯಾರಾದರೂ ವಕೀಲರಿಂದ ಬರೆಸಿ ಹಾಕಿ. ಹಬ್ಬದ ಹೊತ್ತಿಗೆ ಇದೆಂಥ ಅಪಶಕುನ ಎಂದು ಕೆಲವರು ಬೈಯಬಹುದು. ಬೈಸಿಕೊಳ್ಳಿ.

ಪತ್ರ ಉದ್ದವಾಯಿತು. ಕತ್ತರಿಸಲೇಬೇಕಿದ್ದರೆ ಇಸವಿಗಳಲ್ಲಿ ಒಂದೆರಡು ತೆಗೆಯಿರಿ. ನನ್ನ ಹೆಸರು, ಊರು ಹಾಕಬೇಡಿ. ನನ್ನ ಹತ್ತಿರ ಬರೆಸಿದವರು ಇನ್ನೂ ಊರಿನಲ್ಲಿದ್ದಾರೆ, ಸುಮ್ನೆ ಅವರಿಗೆ ಮುಜುಗರ. ಕಳಿಸುವ ಮೊದಲು ತಂಗಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಮೆಣಸಿನಕಾಯ್ ಲೆಕ್ಕದ ಜಗಳ ತಾನು ಶುರುಮಾಡಿದ್ದಲ್ಲ, ಮೊದಲು ದನಿ ಏರಿಸಿದವನು ನಾನೇ, ಅದನ್ನೂ ಬರಿ ಎಂದಳು. ಅವಳ ತಕರಾರು ದಾಖಲಾಗಲಿ. ನನಗೆ ಒಪ್ಪಿಗೆಯಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಪತ್ರ ಬರಹಗಾರ
ಹಾವೇರಿ ಜಿಲ್ಲೆ